ಹೆರಿಗೆಯ ಹೊತ್ತಿನ ಅಭಯದಾನ: ಡೌಲಾ ಎಂದರೆ ಯಾರು, ಜೈನ ತಾಯಂದಿರಿಗೆ ಅವಳ ನೆರವೇನು?



ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಹೇಳಿಕೊಡುತ್ತೇವೆ. ಮೊದಲ ಮೂರು ದಾನಗಳನ್ನು ಮಾಡುವ ಬಗೆ ಎಲ್ಲರಿಗೂ ಗೊತ್ತು. ಅಭಯದಾನ ಎಂದಾಗ ಮಾತ್ರ ಪ್ರಾಣಿಗಳ ಜೀವ ಉಳಿಸುವುದು, ಗೋಶಾಲೆಗೆ ಮೇವು ಕೊಡಿಸುವುದು ಇಷ್ಟೇ ನೆನಪಿಗೆ ಬರುತ್ತದೆ. ಹೆದರಿದವರ ಹೆದರಿಕೆ ಕಳೆಯುವುದೂ ಅಭಯದಾನವೇ. ಚೊಚ್ಚಲ ಹೆರಿಗೆಯ ಬೇನೆ ಶುರುವಾಗಿ ಆಸ್ಪತ್ರೆಯ ಮಂಚದ ಮೇಲೆ ಒಬ್ಬಳೇ ಮಲಗಿರುವ ಹೆಣ್ಣುಮಗಳಿಗಿಂತ ಹೆಚ್ಚು ಅಭಯ ಬೇಕಾದವರು ಯಾರಿದ್ದಾರೆ?

ಆ ಹೊತ್ತಿನಲ್ಲಿ ಕೈ ಹಿಡಿದು ಪಕ್ಕದಲ್ಲಿರುವ ತರಬೇತಾದ ಹೆಂಗಸಿಗೆ ಈಗ ಡೌಲಾ ಎಂಬ ಹೆಸರು ಬಂದಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಯುವ ದಂಪತಿಗಳ ಬಾಯಲ್ಲಿ ಈ ಮಾತು ಕೇಳುತ್ತಿರುತ್ತೇವೆ. ಊರಿನ ಹಿರಿಯರಿಗೆ ಇದು ಹೊಸದು. ಡೌಲಾ ಏನು ಮಾಡುತ್ತಾಳೆ, ಏನು ಮಾಡಬಾರದು, ನಮ್ಮ ಆಚಾರಗಳನ್ನು ತಿಳಿದ ಡೌಲಾ ಇದ್ದರೆ ಏನು ಅನುಕೂಲ ಎಂಬುದನ್ನು ರಾಜ್ಯದ ಎಲ್ಲ ಜೈನ ಕುಟುಂಬಗಳಿಗೆ ಉಪಯೋಗವಾಗುವಂತೆ ಇಲ್ಲಿ ಒಟ್ಟುಗೂಡಿಸಿದ್ದೇವೆ.

ಡೌಲಾ ಬೇರೆ, ಸೂಲಗಿತ್ತಿ ಬೇರೆ

ಡೌಲಾ ಎಂಬುದು ಗ್ರೀಕ್ ಭಾಷೆಯ ಮಾತು. ಸೇವೆ ಮಾಡುವ ಹೆಂಗಸು ಎಂದು ಅರ್ಥ. ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಾಫೆಲ್ ಅವರು ತಾಯಿಗೆ ನೆರವಾಗುವ ಹೆಂಗಸಿಗೆ ಈ ಹೆಸರನ್ನು ಬಳಸಿದರು. ಕ್ಲಾಸ್ ಮತ್ತು ಕೆನೆಲ್ ಎಂಬ ಇಬ್ಬರು ವೈದ್ಯರು ಜೊತೆಗಾರರೊಂದಿಗೆ ಗ್ವಾಟೆಮಾಲಾ ದೇಶದ ಆಸ್ಪತ್ರೆಯೊಂದರಲ್ಲಿ ನಡೆಸಿದ ಅಧ್ಯಯನ 1980ರಲ್ಲಿ ಪ್ರಕಟವಾಯಿತು. ಅದರ ನಂತರ ವೈದ್ಯಲೋಕ ಈ ಸೇವೆಯ ಕಡೆ ಗಮನ ಕೊಟ್ಟಿತು.

ನಮ್ಮ ಸೂಲಗಿತ್ತಿ ಇದಕ್ಕಿಂತ ಬೇರೆ. ಸೂಲು ಎಂದರೆ ಹೆರಿಗೆ. ಸೂಲಗಿತ್ತಿ ತಾನೇ ಕೈಯಾರೆ ಹೆರಿಗೆ ಮಾಡಿಸುವವಳು. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ಎಲ್ಲರೂ ಬಲ್ಲರು. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದ ಆ ತಾಯಿಗೆ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ರಸ್ತೆ, ಆಸ್ಪತ್ರೆ ಇಲ್ಲದ ಕಾಲದಲ್ಲಿ ಅಂಥವರು ಜೀವ ಉಳಿಸಿದರು.

ಈಗ ಕಾಲ ಬದಲಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಇದು ದೊಡ್ಡ ಲಾಭ. ಆದರೆ ಸೂಲಗಿತ್ತಿಯ ಜೊತೆಗೆ ಅವಳು ಕೊಡುತ್ತಿದ್ದ ಧೈರ್ಯದ ಮಾತು, ಸೊಂಟ ನೀವುವ ಕೈ, ರಾತ್ರಿಯಿಡೀ ಪಕ್ಕದಲ್ಲಿ ಕೂರುವ ತಾಳ್ಮೆ ಇವೂ ಹೋದವು. ಡಾಕ್ಟರಿಗೆ ಹತ್ತು ಮಂದಿ ಗರ್ಭಿಣಿಯರು, ಸಿಸ್ಟರ್‌ಗೆ ನಾಲ್ಕು ಮಂಚ. ಅವರನ್ನು ದೂರಿ ಪ್ರಯೋಜನವಿಲ್ಲ. ಆ ಖಾಲಿ ಜಾಗವನ್ನು ತುಂಬುವವಳು ಡೌಲಾ.

ಒಂದು ಸಾಲಿನಲ್ಲಿ ಹೇಳುವುದಾದರೆ, ಡಾಕ್ಟರ್ ಮತ್ತು ನರ್ಸ್ ಹೆರಿಗೆಯನ್ನು ನೋಡಿಕೊಳ್ಳುತ್ತಾರೆ, ಡೌಲಾ ಹೆರುವವಳನ್ನು ನೋಡಿಕೊಳ್ಳುತ್ತಾಳೆ. ಡೌಲಾ ಒಳಪರೀಕ್ಷೆ ಮಾಡುವುದಿಲ್ಲ, ಇಂಜೆಕ್ಷನ್ ಕೊಡುವುದಿಲ್ಲ, ಮಗುವನ್ನು ಹೊರತೆಗೆಯುವುದಿಲ್ಲ.

ದಕ್ಷಿಣ ಬೆಂಗಳೂರಿನಲ್ಲಿ ಇದರ ಅಗತ್ಯ ಏಕೆ?

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಎಂಬುದು ಹಳೆಯ ಪದ್ಧತಿ. ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಸೀಮಂತ ಮುಗಿಸಿ ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಅಮ್ಮ, ಅಜ್ಜಿ, ದೊಡ್ಡಮ್ಮ, ಅತ್ತಿಗೆ ಎಂದು ಮನೆ ತುಂಬ ಹೆಂಗಸರು. ಯಾರೂ ಪಾಠ ಮಾಡದಿದ್ದರೂ ಹುಡುಗಿ ನೋಡಿ ಕೇಳಿ ಕಲಿಯುತ್ತಿದ್ದಳು.

ಇಂದು ಬಿ.ಟಿ.ಎಂ. ಬಡಾವಣೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಇಬ್ಬರಿಗೂ ಕಂಪನಿ ಕೆಲಸ. ಹುಡುಗಿಯ ತವರು ಹಾಸನದ ಕಡೆಯೋ, ಬೆಳಗಾವಿಯ ಕಡೆಯೋ, ಮೂಡುಬಿದಿರೆಯೋ, ಇಲ್ಲ ರಾಜಸ್ಥಾನವೋ. ತೋರಿಸಿಕೊಳ್ಳುತ್ತಿರುವ ಡಾಕ್ಟರ್ ಇಲ್ಲೇ ಇರುವುದರಿಂದ ಹೆರಿಗೆಯೂ ಇಲ್ಲೇ ಎಂದು ನಿಶ್ಚಯವಾಗುತ್ತದೆ. ತಾಯಿ ಬರುವುದು ದಿನ ತುಂಬುವ ಹತ್ತಿರಕ್ಕೆ. ಅವರಿಗೆ ಬೆಂಗಳೂರಿನ ಆಸ್ಪತ್ರೆಯ ಲಿಫ್ಟೂ ಹೊಸದು, ಫಾರಮ್ಮೂ ಹೊಸದು. ಹಿಂದಿಯೋ ಇಂಗ್ಲಿಷೋ ಮಾತಾಡುವ ನರ್ಸ್ ಮುಂದೆ ಕನ್ನಡ ಮಾತ್ರ ಬಲ್ಲ ಅಮ್ಮ ಸುಮ್ಮನೆ ನಿಂತುಬಿಡುತ್ತಾರೆ. ಒಳಗಿನಿಂದ ಮಗಳ ಕೂಗು ಕೇಳುತ್ತಿದ್ದರೆ ಹೊರಗಿನ ಕುರ್ಚಿಯಲ್ಲಿ ಕೂತ ತಾಯಿಯ ಕೈಯಲ್ಲಿ ಜಪಮಾಲೆ ಮಾತ್ರ.

ಹಣವಿದ್ದವರಿಗೂ ಇಲ್ಲದವರಿಗೂ ಈ ಒಂಟಿತನ ಒಂದೇ. ಬನ್ನೇರುಘಟ್ಟ ರಸ್ತೆಯ ದೊಡ್ಡ ಖಾಸಗಿ ಆಸ್ಪತ್ರೆಯಿರಲಿ, ಜಯನಗರದ ಸರ್ಕಾರಿ ಜನರಲ್ ಆಸ್ಪತ್ರೆಯಿರಲಿ, 1935ರಿಂದ ನಗರದ ಬಡ ತಾಯಂದಿರಿಗೆ ಆಸರೆಯಾಗಿರುವ ಕೋಟೆ ಬಳಿಯ ವಾಣಿವಿಲಾಸ ಆಸ್ಪತ್ರೆಯಿರಲಿ, ಬೇನೆ ತಿನ್ನುವವಳಿಗೆ ಬೇಕಾದದ್ದು ಪಕ್ಕದಲ್ಲೊಂದು ಪರಿಚಯದ ಮುಖ.

ನಮ್ಮ ಪುರಾಣಗಳಲ್ಲಿ ತಾಯಿಯ ಸೇವೆ

ಡೌಲಾ ಎಂಬ ಹೆಸರು ಪರದೇಶದ್ದಾದರೂ ಈ ಸೇವೆ ನಮಗೆ ಹೊಸದಲ್ಲ. ತೀರ್ಥಂಕರರ ಪಂಚಕಲ್ಯಾಣಗಳಲ್ಲಿ ಮೊದಲನೆಯದೇ ಗರ್ಭಕಲ್ಯಾಣ. ಪಂಚಕಲ್ಯಾಣ ಮಹೋತ್ಸವಗಳಲ್ಲಿ ಜಿನಮಾತೆ ಕಂಡ 16 ಸ್ವಪ್ನಗಳನ್ನು ನಾವೆಲ್ಲ ನೋಡಿ ಸಂತೋಷಪಡುತ್ತೇವೆ. ಶ್ವೇತಾಂಬರ ಪರಂಪರೆಯಲ್ಲಿ 14 ಸ್ವಪ್ನಗಳು. ಆ ಸ್ವಪ್ನಗಳ ನಂತರದ ಭಾಗವನ್ನು ಸ್ವಲ್ಪ ಗಮನಿಸಬೇಕು.

9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಬರೆದ ಆದಿಪುರಾಣದಲ್ಲಿ ಮರುದೇವಿ ಗರ್ಭಿಣಿಯಾದಾಗ ಶ್ರೀ, ಹ್ರೀ, ಧೃತಿ, ಕೀರ್ತಿ, ಬುದ್ಧಿ, ಲಕ್ಷ್ಮಿ ಎಂಬ ದೇವಿಯರು ಸೇವೆಗೆ ಬರುತ್ತಾರೆ. ಧೃತಿ ಎಂದರೆ ಧೈರ್ಯ. ಗರ್ಭಿಣಿಗೆ ಧೈರ್ಯ ತುಂಬುವುದಕ್ಕೇ ಒಬ್ಬ ದೇವಿ! ದಿನ ತುಂಬುತ್ತ ಬಂದಾಗ ಆ ದೇವಿಯರು ಮರುದೇವಿಯ ಮನಸ್ಸು ಬೇಸರಗೊಳ್ಳದಂತೆ ಕಥೆ ಹೇಳುತ್ತಾರೆ, ಒಗಟು ಕೇಳುತ್ತಾರೆ, ಅವಳು ಉತ್ತರ ಹೇಳುತ್ತಾಳೆ. ಇಂದಿನ ಡೌಲಾ ತರಬೇತಿಯಲ್ಲೂ ಬೇನೆಯ ಆರಂಭದಲ್ಲಿ ತಾಯಿಯ ಮನಸ್ಸನ್ನು ಬೇರೆ ಕಡೆ ತಿರುಗಿಸಿ ಎಂದೇ ಹೇಳಿಕೊಡುತ್ತಾರೆ.

12ನೇ ಶತಮಾನದ ಹೇಮಚಂದ್ರಾಚಾರ್ಯರ ತ್ರಿಷಷ್ಟಿಶಲಾಕಾಪುರುಷ ಚರಿತೆಯಲ್ಲಿ 56 ದಿಕ್ಕುಮಾರಿಯರ ಸೇವೆ ಬರುತ್ತದೆ. ಎಂಟು ಜನ ನೆಲ ಶುದ್ಧಿ ಮಾಡುತ್ತಾರೆ, ಎಂಟು ಜನ ಸುಗಂಧದ ನೀರು ಚಿಮುಕಿಸುತ್ತಾರೆ. ಕನ್ನಡಿ, ಕಲಶ, ಬೀಸಣಿಗೆ, ಚಾಮರ ಹಿಡಿದವರು ಎಂಟೆಂಟು ಜನ. ನಾಲ್ವರು ದೀಪ ಹಿಡಿಯುತ್ತಾರೆ. ಕೊನೆಯ ನಾಲ್ವರು ಹೊಕ್ಕುಳಬಳ್ಳಿ ಕತ್ತರಿಸಿ ತಾಯಿ ಮಗುವಿಗೆ ಸ್ನಾನ ಮಾಡಿಸುತ್ತಾರೆ. ಸ್ವಚ್ಛತೆ, ಗಾಳಿ, ನೀರು, ಬೆಳಕು, ಕೈ ನೆರವು: ಒಳ್ಳೆಯ ಹೆರಿಗೆ ಕೋಣೆಗೆ ಬೇಕಾದದ್ದು ಇವೇ.

ಕಲ್ಪಸೂತ್ರದ ಒಂದು ಪ್ರಸಂಗವನ್ನು ಪ್ರತಿ ಗರ್ಭಿಣಿಯ ಮನೆಯವರೂ ತಿಳಿದಿರಬೇಕು. ತಾಯಿಗೆ ನೋವಾಗದಿರಲಿ ಎಂದು ಗರ್ಭದಲ್ಲಿದ್ದ ಮಹಾವೀರ ಸ್ವಾಮಿಯು ಅಲುಗಾಡದೆ ಇದ್ದುಬಿಟ್ಟಾಗ ತ್ರಿಶಲಾದೇವಿ ಮಗುವಿಗೆ ಏನಾಯಿತೋ ಎಂದು ಶೋಕಿಸಿದಳು. ಅದನ್ನು ತಿಳಿದು ಮಗು ಸ್ವಲ್ಪ ಅಲುಗಿತು, ತಾಯಿಗೆ ಜೀವ ಬಂದಂತಾಯಿತು. ತಾಯಿಯ ಆತಂಕವನ್ನು ಯಾರೂ ಹಗುರವಾಗಿ ಕಾಣಬಾರದು ಎಂಬುದು ಇದರಲ್ಲಿರುವ ಪಾಠ. ಮಗುವಿನ ಅಲುಗಾಟ ಕಡಿಮೆ ಅನ್ನಿಸಿದರೆ ಕೂಡಲೇ ಆಸ್ಪತ್ರೆಗೆ ಬನ್ನಿ ಎಂದು ಇಂದಿನ ವೈದ್ಯರೂ ಹೇಳುತ್ತಾರೆ. ಬೆಳಗಾಗಲಿ, ನೋಡೋಣ ಎನ್ನಬಾರದು.

ಅದೇ ಗ್ರಂಥದಲ್ಲಿ ತ್ರಿಶಲಾದೇವಿ ಅತಿ ಬಿಸಿ, ಅತಿ ತಂಪು, ಅತಿ ಖಾರ, ಅತಿ ಕಹಿ ಬಿಟ್ಟು ಋತುವಿಗೆ ತಕ್ಕ ಹಿತವಾದ ಆಹಾರ ಸೇವಿಸಿದಳು, ನಿಶ್ಚಿಂತೆಯಿಂದ ಇದ್ದಳು ಎಂದೂ ಬರುತ್ತದೆ. ಗರ್ಭಿಣಿ ದೇಹವನ್ನು ದಂಡಿಸಿದಳು ಎಂದು ಎಲ್ಲೂ ಬರುವುದಿಲ್ಲ.

ಇನ್ನು ಆದಿಪುರಾಣ ಹೇಳುವ ಗರ್ಭಾನ್ವಯ ಕ್ರಿಯೆಗಳಲ್ಲಿ ಮೂರನೇ ತಿಂಗಳಿಗೆ ಪ್ರೀತಿ, ಐದಕ್ಕೆ ಸುಪ್ರೀತಿ, ಏಳಕ್ಕೆ ಧೃತಿ, ಒಂಬತ್ತಕ್ಕೆ ಮೋದ, ಹುಟ್ಟಿದಾಗ ಪ್ರಿಯೋದ್ಭವ. ಈ ಹೆಸರುಗಳನ್ನು ನೋಡಿ. ಪ್ರೀತಿ, ಧೈರ್ಯ, ಸಂತೋಷ. ಗರ್ಭಿಣಿಯನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ಹಿರಿಯ ಆಚಾರ್ಯರು ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ.

ವೈದ್ಯಶಾಸ್ತ್ರ ಮತ್ತು ಸರ್ಕಾರ ಏನು ಹೇಳುತ್ತವೆ?

ಹೆರಿಗೆಯ ಉದ್ದಕ್ಕೂ ಒಬ್ಬರು ಜೊತೆಗಿದ್ದರೆ ಏನಾಗುತ್ತದೆ ಎಂಬ ಬಗ್ಗೆ ಕಾಕ್ರೇನ್ ಸಂಸ್ಥೆ 2017ರಲ್ಲಿ ಒಂದು ವಿಮರ್ಶೆ ಪ್ರಕಟಿಸಿತು. ಅದರಲ್ಲಿ 17 ದೇಶಗಳ 15,000ಕ್ಕೂ ಹೆಚ್ಚು ತಾಯಂದಿರ ಮಾಹಿತಿಯಿದೆ. ಜೊತೆಗಾರ್ತಿ ಇದ್ದ ತಾಯಂದಿರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿ ಸರಾಸರಿ 40 ನಿಮಿಷದಷ್ಟು ಕಡಿಮೆ, ಹೆರಿಗೆಯ ಬಗ್ಗೆ ಕಹಿ ನೆನಪು ಕಡಿಮೆ ಎಂದು ಕಂಡುಬಂತು. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಪ್ರತಿ ತಾಯಿಗೂ ಅವಳೇ ಆರಿಸಿದ ಜೊತೆಗಾರರು ಇರಬೇಕು ಎಂದು ಶಿಫಾರಸು ಮಾಡಿದೆ.

ನಮ್ಮ ಕೇಂದ್ರ ಸರ್ಕಾರವೂ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಒಬ್ಬ ಜೊತೆಗಾರ್ತಿಗೆ ಅವಕಾಶ ಕೊಡಲು ಸೂಚಿಸಿತು. ಷರತ್ತುಗಳು ಸರಳವಾಗಿವೆ. ಅಂಟುರೋಗ ಇರಬಾರದು, ಬಟ್ಟೆ ಸ್ವಚ್ಛವಾಗಿರಬೇಕು, ಹೆರಿಗೆ ಮುಗಿಯುವವರೆಗೂ ಇರಲು ಸಿದ್ಧವಿರಬೇಕು, ಸಿಬ್ಬಂದಿಯ ಕೆಲಸದಲ್ಲಿ ಕೈ ಹಾಕಬಾರದು, ಬೇರೆ ಗರ್ಭಿಣಿಯರ ಬಳಿ ಹೋಗಬಾರದು. ಪರದೆ ಮುಂತಾದ ಮರೆ ವ್ಯವಸ್ಥೆ ಇದ್ದಲ್ಲಿ ಗಂಡನೂ ಇರಬಹುದು. 2017ರಲ್ಲಿ ಬಂದ ಲಕ್ಷ್ಯ ಯೋಜನೆಯಲ್ಲೂ ಈ ಅಂಶ ಸೇರಿದೆ. ಆದ್ದರಿಂದ ಜೊತೆಗಾರ್ತಿಯನ್ನು ಬಿಡಿ ಎಂದು ವಿನಯದಿಂದ ಕೇಳುವುದು ತಪ್ಪಲ್ಲ. ಕೇಳಬೇಕಾದದ್ದು ಮಾತ್ರ ಮೊದಲೇ, ತಪಾಸಣೆಗೆ ಹೋದಾಗ. ಬೇನೆ ಬಂದ ರಾತ್ರಿ ಬಾಗಿಲಲ್ಲಿ ವಾದಿಸಿದರೆ ಕೆಲಸ ಕೆಡುತ್ತದೆ. ಖಾಸಗಿ ಆಸ್ಪತ್ರೆಗಳಲ್ಲಿ ನಿಯಮ ಒಂದೊಂದು ಕಡೆ ಒಂದೊಂದು ಥರ. ಗಂಡ ಅಥವಾ ಡೌಲಾ, ಇಬ್ಬರಲ್ಲಿ ಒಬ್ಬರು ಎನ್ನುವವರೂ ಇದ್ದಾರೆ.

ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ರಾಜ್ಯದ ಹೆರಿಗೆಗಳಲ್ಲಿ ಶೇ. 31ಕ್ಕೂ ಹೆಚ್ಚು ಸಿಸೇರಿಯನ್ ಎಂದಿದೆ. ಹಾಗೆಂದು ಸಿಸೇರಿಯನ್ ಎಂದರೆ ಸೋಲು ಎಂದು ಯಾರೂ ಭಾವಿಸಬೇಡಿ. ಬೇಕಾದಾಗ ಅದು ಎರಡು ಜೀವ ಉಳಿಸುತ್ತದೆ. ನಾರ್ಮಲ್ ಆಗಲಿಲ್ಲವಲ್ಲ ಎಂದು ಬಾಣಂತಿಯ ಮುಂದೆ ನಿಟ್ಟುಸಿರು ಬಿಡುವ ನೆಂಟರಿಗೆ ಅನೇಕಾಂತದ ಪಾಠ ಇನ್ನೊಮ್ಮೆ ಬೇಕು.

ಡೌಲಾ ಮಾಡುವ ಕೆಲಸ

ಹೆರಿಗೆಗೆ ಮೊದಲು: ಎರಡು ಮೂರು ಸಲ ಮನೆಗೆ ಬಂದು ಮಾತಾಡುತ್ತಾಳೆ. ಬೇನೆ ಹೇಗೆ ಶುರುವಾಗುತ್ತದೆ, ಸುಳ್ಳು ನೋವು ಯಾವುದು, ನೀರು ಒಡೆದರೆ ಏನು ಮಾಡಬೇಕು, ಆಸ್ಪತ್ರೆಗೆ ಯಾವಾಗ ಹೊರಡಬೇಕು ಎಂದು ತಿಳಿಸುತ್ತಾಳೆ. ತಾಯಿಯ ಇಷ್ಟಗಳನ್ನು ಒಂದು ಹಾಳೆಯಲ್ಲಿ ಬರೆಸಿ ಡಾಕ್ಟರಿಗೆ ತೋರಿಸಲು ಹೇಳುತ್ತಾಳೆ. ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ, ಬಟ್ಟೆಬರೆ ಎಲ್ಲ ಒಂದು ಚೀಲದಲ್ಲಿ ಸಿದ್ಧ ಮಾಡಿಸುತ್ತಾಳೆ. ಜೆ.ಪಿ. ನಗರದ ಕೊನೆಯ ಹಂತಗಳಲ್ಲಿ ಇರುವವರು ಸಂಜೆ ಹೊತ್ತಿನ ಟ್ರಾಫಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲ!

ಹೆರಿಗೆಯ ಹೊತ್ತಿನಲ್ಲಿ: ಸೊಂಟ ಒತ್ತುವುದು, ನಡೆದಾಡಿಸುವುದು, ಮಗ್ಗುಲು ಬದಲಿಸುವುದು, ಬೆವರು ಒರೆಸುವುದು, ಗುಟುಕು ನೀರು ಕುಡಿಸುವುದು. ಉಸಿರಿನ ಲಯ ತಪ್ಪಿದಾಗ ಕಣ್ಣಲ್ಲಿ ಕಣ್ಣಿಟ್ಟು ಸರಿಪಡಿಸುವುದು. ಡಾಕ್ಟರ್ ಹೇಳಿದ್ದನ್ನು ಮನೆಮಾತಿನಲ್ಲಿ ತಿಳಿಸುವುದು. ಕೈಕಾಲು ಆಡದೆ ನಿಂತ ಗಂಡನಿಗೂ ಒಂದು ಕೆಲಸ ಕೊಡುವುದು. ಸಿಸೇರಿಯನ್ ಆಗಬೇಕೆಂದು ನಿರ್ಧಾರವಾದರೆ ಆಗಲೂ ಧೈರ್ಯ ಹೇಳುವುದು.

ಹೆರಿಗೆಯ ನಂತರ: ಮಗುವನ್ನು ತಾಯಿಯ ಎದೆಗೆ ಹಾಕಿ ಮೊದಲ ಗಂಟೆಯೊಳಗೆ ಹಾಲು ಕುಡಿಸಲು ನೆರವಾಗುವುದು. ಮೊದಲು ಬರುವ ಹಳದಿ ಬಣ್ಣದ ಗಿಣ್ಣು ಹಾಲನ್ನು ಕೆಲವು ಮನೆಗಳಲ್ಲಿ ಹಿಂಡಿ ಚೆಲ್ಲುತ್ತಿದ್ದರು. ಅದು ಮಗುವಿಗೆ ಅತ್ಯಗತ್ಯ. ಜೇನು ನೆಕ್ಕಿಸುವ ರೂಢಿ ನಮ್ಮಲ್ಲಿ ಇಲ್ಲ, ಮದ್ಯ ಮಾಂಸ ಮಧು ಮೂರನ್ನೂ ಬಿಟ್ಟವರು ನಾವು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು ಎಂದು ವೈದ್ಯರೂ ಹೇಳುತ್ತಾರೆ. ಸಕ್ಕರೆ ನೀರು, ಗುಟ್ಟಿ, ಬಜೆ ಇವುಗಳೂ ಬೇಡ. ಆರು ತಿಂಗಳು ತಾಯಿಯ ಹಾಲೊಂದೇ ಸಾಕು.

ಧರ್ಮ ತಿಳಿದ ಡೌಲಾ ಇದ್ದರೆ

ಇಲ್ಲಿಯವರೆಗೆ ಹೇಳಿದ್ದನ್ನು ಯಾವ ಡೌಲಾ ಆದರೂ ಮಾಡುತ್ತಾಳೆ. ನಮ್ಮ ಆಚಾರ ಬಲ್ಲವಳಾದರೆ ಕೆಲವು ಕಡೆ ಹೆಚ್ಚಿನ ನೆರವು ಸಿಗುತ್ತದೆ.

ಣಮೋಕಾರ ಮಂತ್ರ ಮತ್ತು ಉಸಿರು: ಕಾಯೋತ್ಸರ್ಗದಲ್ಲಿ 27 ಉಸಿರಿಗೆ 9 ಣಮೋಕಾರ ಎಂಬ ಲೆಕ್ಕ ನಮ್ಮಲ್ಲಿ ಅನೇಕರಿಗೆ ಅಭ್ಯಾಸ. ಅಂದರೆ ಮೂರು ಉಸಿರಿಗೆ ಒಂದು ಮಂತ್ರ. ಬಲವಾದ ಬೇನೆ ಒಂದು ಸಲ ಬಂದರೆ ಸುಮಾರು ಒಂದು ನಿಮಿಷ ಇರುತ್ತದೆ. ನಿಧಾನವಾಗಿ ಉಸಿರಾಡಿದರೆ ಅಷ್ಟರಲ್ಲಿ ಎರಡು ಸಲ ಮಂತ್ರ ಮುಗಿಯುತ್ತದೆ. ಇನ್ನೆಷ್ಟು ಹೊತ್ತು ಎಂದು ಒದ್ದಾಡುವ ಬದಲು ಎರಡು ಣಮೋಕಾರ ದಾಟಿದರೆ ಈ ನೋವು ಇಳಿಯುತ್ತದೆ ಎಂದು ಮನಸ್ಸಿಗೆ ಒಂದು ಅಳತೆ ಸಿಗುತ್ತದೆ. ಕಾಯೋತ್ಸರ್ಗ ಎಂದರೆ ದೇಹವನ್ನು ಸಡಿಲ ಬಿಡುವುದು ತಾನೇ. ಹೆರಿಗೆಯಲ್ಲಿ ಬಿಗಿಹಿಡಿದಷ್ಟೂ ನೋವು ಹೆಚ್ಚು. ಏಳನೇ ತಿಂಗಳಿಂದ ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿದರೆ ಆ ಹೊತ್ತಿಗೆ ಕೈಗೆ ಬರುತ್ತದೆ.

ಅಶುಚಿಯ ಸ್ಥಿತಿಯಲ್ಲಿ ಮಂತ್ರ ಹೇಳಬಹುದೇ ಎಂದು ಹಲವು ತಾಯಂದಿರು ಸಂಕೋಚಪಡುತ್ತಾರೆ. ಶುಚಿಯಾಗಿರಲಿ ಅಶುಚಿಯಾಗಿರಲಿ, ಯಾವ ಸ್ಥಿತಿಯಲ್ಲಿದ್ದರೂ ಪಂಚನಮಸ್ಕಾರವನ್ನು ಧ್ಯಾನಿಸಿದವರು ಪಾಪದಿಂದ ಬಿಡುಗಡೆ ಹೊಂದುತ್ತಾರೆ ಎಂಬುದು ನಿತ್ಯಪೂಜೆಯ ಆರಂಭದಲ್ಲಿ ಹೇಳುವ ಶ್ಲೋಕದ ಭಾವ. ಮನಸ್ಸಿನಲ್ಲಿ ಸ್ಮರಿಸಲು ಅಡ್ಡಿಯಿಲ್ಲ. ಹಾಗೆಯೇ ಬೇನೆ ಜೋರಾದಾಗ ತಾಯಿಗೆ ಮಂತ್ರವೂ ಬೇಡ, ಮಾತೂ ಬೇಡ ಅನ್ನಿಸಬಹುದು. ಆಗ ಸುಮ್ಮನಿರುವುದೇ ಸೇವೆ. ಕಿರುಚಿದರೆ ಕಿರುಚಲಿ.

ರಾತ್ರಿ ಭೋಜನ: ಬೇನೆಗೆ ಹಗಲು ರಾತ್ರಿ ಇಲ್ಲ. ಸಂಜೆ ಶುರುವಾದ ಬೇನೆ ಮರುದಿನ ಮಧ್ಯಾಹ್ನದವರೆಗೂ ಹೋಗಬಹುದು. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ನಿಯಮವಿರುವವರು ಹಾಗೇ ಇದ್ದುಬಿಟ್ಟರೆ ಶಕ್ತಿ ಕುಂದುತ್ತದೆ, ದೇಹ ಒಣಗುತ್ತದೆ. ತೊಡಕಿಲ್ಲದ ಹೆರಿಗೆಯಲ್ಲಿ ತಾಯಿ ನೀರು, ಹಗುರ ಆಹಾರ ತೆಗೆದುಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಡಾಕ್ಟರ್ ಏನು ಹೇಳುತ್ತಾರೋ ಹಾಗೆ ಮಾಡಿ. ಪ್ರತ್ಯಾಖ್ಯಾನದ ಪಾಠಗಳಲ್ಲೇ ಆಗಾರಗಳು, ಅಂದರೆ ವಿನಾಯಿತಿಗಳು ಇವೆ. ತೀವ್ರ ದೇಹಬಾಧೆಯಲ್ಲಿ ಸಮಾಧಿ ಉಳಿಯಲೆಂದು ಔಷಧ ಮೊದಲಾದವನ್ನು ತೆಗೆದುಕೊಂಡರೆ ವ್ರತಭಂಗವಲ್ಲ ಎಂಬುದು ಅವುಗಳಲ್ಲಿ ಒಂದು. ವ್ರತವಿದ್ದವರು ಎಂಟನೇ ತಿಂಗಳಲ್ಲೇ ತಮ್ಮ ಗುರುಗಳನ್ನೋ ಮಾತಾಜಿಯವರನ್ನೋ ಕಂಡು ಕೇಳಿಕೊಂಡರೆ ಆ ರಾತ್ರಿ ಮನಸ್ಸಿಗೆ ತಾಕಲಾಟ ಇರುವುದಿಲ್ಲ. ಗುರುಗಳ ಮಾತನ್ನು ಅತ್ತೆಯವರ ಎದುರೇ ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು.

ಉಪವಾಸ: ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವ, ಪರ್ಯುಷಣ ಬಂದಾಗ ಗರ್ಭಿಣಿಯರೂ ಉಪವಾಸಕ್ಕೆ ಕೂರುವುದುಂಟು. ಕೆಲವೊಮ್ಮೆ ಅವರ ಇಷ್ಟ, ಕೆಲವೊಮ್ಮೆ ಮನೆಯವರ ಮುಖ ನೋಡಿ. ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು. ರಕ್ತಹೀನತೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಂತೂ ಮಾಡಲೇಬಾರದು. ಅಹಿಂಸೆ ಮೊದಲು ಅನ್ವಯವಾಗುವುದು ಗರ್ಭದಲ್ಲಿರುವ ಪಂಚೇಂದ್ರಿಯ ಜೀವಕ್ಕೆ. ತಪಸ್ಸು ಮಾಡಲೇಬೇಕೆಂದರೆ ಸ್ವಾಧ್ಯಾಯವಿದೆ, ಮೌನವಿದೆ, ಸಾಮಾಯಿಕವಿದೆ.

ಔಷಧ: ಕ್ಯಾಪ್ಸೂಲ್‌ಗಳ ಹೊರಕವಚ ಹೆಚ್ಚಾಗಿ ಪ್ರಾಣಿಜನ್ಯ ಜೆಲಾಟಿನ್ನಿಂದ ಆಗಿರುತ್ತದೆ. ಅದಕ್ಕಾಗಿ ಕಬ್ಬಿಣಾಂಶದ ಔಷಧವನ್ನೇ ನಿಲ್ಲಿಸುವವರಿದ್ದಾರೆ. ನಿಲ್ಲಿಸಬೇಡಿ, ಮಾತ್ರೆಯ ರೂಪದಲ್ಲಿ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ. ಶಾಕಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಅದನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.

ಸೂತಕ: ಹುಟ್ಟಿನ ಸೂತಕದ ದಿನಗಳು, ತಾಯಿ ಬಸದಿಗೆ ಹೋಗುವ ದಿನ ಇವು ಊರಿಂದ ಊರಿಗೆ, ಪಂಥದಿಂದ ಪಂಥಕ್ಕೆ ಬೇರೆ ಬೇರೆ. ನಿಮ್ಮ ಮನೆಯ ಪದ್ಧತಿ ಪಾಲಿಸಿ. ಆದರೆ ಸೂತಕ ಎಂದರೆ ಬಾಣಂತಿಯನ್ನು ಒಂದು ಕೋಣೆಯಲ್ಲಿ ಬಿಟ್ಟು ಮಾತಾಡಿಸದೆ ಇರುವುದಲ್ಲ. ಆ ದಿನಗಳು ಅವಳಿಗೆ ವಿಶ್ರಾಂತಿ ಸಿಗಲೆಂದು ಇರಲಿ. ಊಟದ ತಟ್ಟೆ ಬಾಗಿಲಲ್ಲಿಟ್ಟು ಹೋಗುವ ಮನೆಯಲ್ಲಿ ಅವಳು ಅಳುತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಹೆರಿಗೆಯ ನಂತರ ಎರಡು ವಾರ ದಾಟಿದರೂ ಅಳು, ನಿದ್ದೆಗೇಡು, ಮಗುವಿನ ಬಗ್ಗೆ ನಿರಾಸಕ್ತಿ ಇದ್ದರೆ ಅದು ಕಾಯಿಲೆ. ದೃಷ್ಟಿ ತೆಗೆದು ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ.

ಬಾಣಂತನದ ಅಡುಗೆ: ಬಾಣಂತಿಗೆ ಬೆಳ್ಳುಳ್ಳಿ ಬೇಕೇ ಬೇಕು ಎಂದು ಹೊರಗಿನ ಸಹಾಯಕಿಯರು ಹಟ ಹಿಡಿಯುತ್ತಾರೆ. ನಮ್ಮ ಅಜ್ಜಿಯಂದಿರು ಬೆಳ್ಳುಳ್ಳಿ ಇಲ್ಲದೆಯೇ ಬಾಣಂತನ ಮಾಡಿದ್ದಾರೆ. ಒಣಶುಂಠಿ, ಮೆಣಸು, ಜೀರಿಗೆ, ಮೆಂತ್ಯ, ಸಬ್ಬಸಿಗೆ ಸೊಪ್ಪು, ತುಪ್ಪ, ಹೆಸರುಬೇಳೆ ತೊವ್ವೆ, ಉತ್ತರ ಕರ್ನಾಟಕದ ಅಂಟಿನ ಉಂಡೆ ಇವೆಲ್ಲ ಇವೆ. ನೀರು ಕಡಿಮೆ ಕುಡಿಸುವುದು ಮಾತ್ರ ಹಳೆಯ ತಪ್ಪು. ಹಾಲೂಡುವ ತಾಯಿಗೆ ಬಾಯಾರಿಕೆ ಹೆಚ್ಚು, ಕಾಯಿಸಿ ಆರಿಸಿದ ನೀರನ್ನು ಕೇಳಿದಷ್ಟು ಕೊಡಿ.

ಡೌಲಾ ಮಾಡಬಾರದ್ದು

ಧರ್ಮದ ಹೆಸರು ಸೇರಿದ ಕೂಡಲೇ ಎಚ್ಚರವೂ ಹೆಚ್ಚಬೇಕು. ಕೆಳಗಿನ ಮಾತುಗಳನ್ನು ಯಾರೇ ಆಡಿದರೂ ಅವರನ್ನು ದೂರ ಇಡಿ.

ಆಸ್ಪತ್ರೆ ಬೇಡ, ಮನೆಯಲ್ಲೇ ನಾನು ಹೆರಿಗೆ ಮಾಡಿಸುತ್ತೇನೆ ಎನ್ನುವವರು. ಈ ಮಂತ್ರ ಹೇಳಿದರೆ ಸಿಸೇರಿಯನ್ ಆಗುವುದೇ ಇಲ್ಲ ಎಂದು ಭರವಸೆ ಕೊಡುವವರು. ಡಾಕ್ಟರ್ ಬರೆದ ಔಷಧ ನಿಲ್ಲಿಸಿ ಎನ್ನುವವರು. ನೋವು ನಿವಾರಕ ಇಂಜೆಕ್ಷನ್ ತೆಗೆದುಕೊಂಡರೆ ತಾಯ್ತನಕ್ಕೆ ಕುಂದು ಎನ್ನುವವರು. ನೋವು ಪೂರ್ವಜನ್ಮದ ಕರ್ಮಫಲ, ಸಹಿಸಿಕೋ ಎಂದು ಬೇನೆ ತಿನ್ನುವವಳಿಗೆ ಉಪದೇಶ ಮಾಡುವವರು. ಕರ್ಮಸಿದ್ಧಾಂತ ನಮ್ಮ ನಮ್ಮ ಆತ್ಮವನ್ನು ನೋಡಿಕೊಳ್ಳಲು ಇರುವುದು, ಇನ್ನೊಬ್ಬರ ನೋವಿಗೆ ಕಾರಣ ಹುಡುಕಿ ಕೈ ಕಟ್ಟಿ ಕೂರಲು ಅಲ್ಲ. ನೊಂದವರ ಸೇವೆಗೆ ವೈಯಾವೃತ್ಯ ಎಂದು ಹೆಸರಿಟ್ಟು ಅಂತರಂಗ ತಪಸ್ಸಿನಲ್ಲಿ ಸೇರಿಸಿದ ಧರ್ಮ ನಮ್ಮದು.

ರಕ್ತಸ್ರಾವ, ಸಹಿಸಲಾಗದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಜ್ವರ, ಹಸಿರು ಬಣ್ಣದ ನೀರು, ಮಗುವಿನ ಅಲುಗಾಟ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ಡೌಲಾಗೆ ಫೋನ್ ಮಾಡುತ್ತ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಗೊತ್ತುಮಾಡುವ ಮುನ್ನ ಕೇಳಬೇಕಾದದ್ದು

ನರ್ಸ್‌ಗಳಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇರುತ್ತದೆ. ಡೌಲಾಗಳಿಗೆ ಅಂಥ ಸರ್ಕಾರಿ ನೋಂದಣಿ ಇಲ್ಲ. ಆದ್ದರಿಂದ ವಿಚಾರಿಸುವ ಹೊಣೆ ನಮ್ಮದು. ವ್ಯಾಪಾರದಲ್ಲಿ ಹೇಳುವ ಹಾಗೆ, ಸರಕು ನೋಡಿ ಬೆಲೆ ಕೇಳಬೇಕು.

1. ತರಬೇತಿ ಎಲ್ಲಿ, ಎಷ್ಟು ದಿನ ಆಯಿತು? ಎಷ್ಟು ಹೆರಿಗೆಗಳಲ್ಲಿ ಜೊತೆಗಿದ್ದೀರಿ?
2. ನಮ್ಮ ಆಸ್ಪತ್ರೆಯಲ್ಲಿ ನಿಮ್ಮನ್ನು ಒಳಗೆ ಬಿಡುತ್ತಾರೆಯೇ? ಡಾಕ್ಟರಿಗೆ ಪರಿಚಯವಿದೆಯೇ?
3. ಅದೇ ದಿನ ಇನ್ನೊಂದು ಹೆರಿಗೆ ಬಂದರೆ ನಿಮ್ಮ ಬದಲು ಯಾರು ಬರುತ್ತಾರೆ?
4. ಒಟ್ಟು ಶುಲ್ಕ ಎಷ್ಟು? ಸಿಸೇರಿಯನ್ ಆದರೆ ಎಷ್ಟು? ಮುಂಗಡ ವಾಪಸ್ ಸಿಗುತ್ತದೆಯೇ? ಎಲ್ಲವೂ ಬರಹದಲ್ಲಿರಲಿ.
5. ತಾಯಿಯ ಮಾತೃಭಾಷೆ ಬರುತ್ತದೆಯೇ?
6. ತಾಯಿ ಒಂದು ಹೇಳಿ ಮನೆಯವರು ಇನ್ನೊಂದು ಹೇಳಿದರೆ ಯಾರ ಮಾತು ಕೇಳುತ್ತೀರಿ?

ಆರನೆಯ ಪ್ರಶ್ನೆಗೆ ತಾಯಿಯ ಮಾತು ಎಂಬ ಉತ್ತರ ತಡವಿಲ್ಲದೆ ಬರಬೇಕು.

ಶುಲ್ಕ ಕೊಡಲಾಗದವರು ನಿರಾಶರಾಗಬೇಕಿಲ್ಲ. ಎರಡು ಹೆತ್ತ ಅನುಭವವಿರುವ, ಸಮಾಧಾನದ ಸ್ವಭಾವದ ಅಕ್ಕನೋ ಚಿಕ್ಕಮ್ಮನೋ ಈ ಕೆಲಸ ಮಾಡಬಹುದು. ಗರ್ಭಿಣಿಯ ಜೊತೆ ಎರಡು ಸಲ ತಪಾಸಣೆಗೆ ಹೋಗಿ ಬಂದರೆ ಅವರಿಗೂ ಆಸ್ಪತ್ರೆ ಪರಿಚಯವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಹೆರಿಗೆ, ಸಿಸೇರಿಯನ್, ಔಷಧ, ಊಟ ಎಲ್ಲ ಉಚಿತ. ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆಯೂ ಇರುತ್ತದೆ.

ನಮ್ಮ ಸಮಾಜ ಮಾಡಬಹುದಾದದ್ದು

ಬಸದಿಯ ಜೀರ್ಣೋದ್ಧಾರಕ್ಕೆ, ವಿಹಾರ ಸೇವೆಗೆ, ಅನ್ನದಾನಕ್ಕೆ ನಮ್ಮಲ್ಲಿ ಜನ ಮುಂದೆ ಬರುತ್ತಾರೆ. ಪ್ರತಿ ಬಡಾವಣೆಯ ಮಹಿಳಾ ಸಮಾಜದಲ್ಲಿ 45 ದಾಟಿದ, ಮನೆಯ ಜವಾಬ್ದಾರಿ ಸ್ವಲ್ಪ ಹಗುರಾದ ನಾಲ್ಕು ಹೆಂಗಸರು ಈ ತರಬೇತಿ ಪಡೆದರೆ ಸಾಕು. ತರಬೇತಿಯ ಖರ್ಚನ್ನು ಸಮಾಜ ವಹಿಸಲಿ. ಒಬ್ಬ ಪ್ರಸೂತಿ ತಜ್ಞರು ಅವರಿಗೆ ಮಾರ್ಗದರ್ಶಕರಾಗಿರಲಿ. ತುರ್ತು ರಕ್ತಕ್ಕೆ ದಾನಿಗಳ ಪಟ್ಟಿ, ರಾತ್ರಿ ಹೊತ್ತಿಗೆ ಕಾರು ಕೊಡುವವರ ಪಟ್ಟಿ ಇವುಗಳನ್ನು ಗಂಡಸರು ನೋಡಿಕೊಳ್ಳಬಹುದು. ನಮ್ಮ ಸ್ವಯಂಸೇವಕ ಬಳಗದ ಅನುಭವದಲ್ಲಿ ರಾತ್ರಿ ಎರಡು ಗಂಟೆಗೆ ಕರೆ ಮಾಡಿದವರು ಹಣ ಕೇಳಿದ್ದು ಕಡಿಮೆ. ಯಾರಾದರೂ ಜೊತೆಗೆ ಬರುತ್ತೀರಾ ಎಂದು ಕೇಳಿದವರೇ ಹೆಚ್ಚು.

ಈ ಸೇವೆ ಜೈನರಿಗಷ್ಟೇ ಸೀಮಿತವಾಗಬೇಕಿಲ್ಲ. ಪಕ್ಕದ ಮನೆಯ ಹೆಣ್ಣುಮಗಳು ಯಾವ ಜಾತಿಯವಳಾದರೂ ಅವಳಿಗೆ ಣಮೋಕಾರ ಹೇಳಿಕೊಡಬೇಕಾಗಿಲ್ಲ, ಕೈ ಹಿಡಿದರೆ ಸಾಕು. ಅವಳು ತನ್ನ ದೇವರನ್ನು ನೆನೆಯಲಿ.

ನಿಮ್ಮ ಮನೆಯಲ್ಲಿ ಈಗ ಗರ್ಭಿಣಿ ಇದ್ದರೆ ಈ ವಾರ ಒಂದು ಕೆಲಸ ಮಾಡಿ. ಆ ಹೊತ್ತಿನಲ್ಲಿ ಯಾರು ನಿನ್ನ ಪಕ್ಕದಲ್ಲಿರಬೇಕು ಎಂದು ಅವಳನ್ನೇ ಕೇಳಿ. ಉತ್ತರ ನಿಮ್ಮ ಹೆಸರಾಗದಿದ್ದರೂ ಬೇಸರಪಡಬೇಡಿ. ಅವಳು ಹೇಳಿದವರಿಗೆ ಇಂದೇ ಫೋನ್ ಮಾಡಿ ದಿನಾಂಕ ತಿಳಿಸಿಡಿ.

ಜೈ ಜಿನೇಂದ್ರ.